ಹಗಲೊಮ್ಮೆ, ಇರುಳೊಮ್ಮೆ: ಕಡಲತೀರದ ಹಳೆಯ ದೀಪಸ್ತಂಭಗಳನ್ನು ನೋಡುವ ಕ್ರಮ

ದೀಪಸ್ತಂಭ ನೋಡಲು ಹೋದವರಲ್ಲಿ ಹೆಚ್ಚಿನವರು ಟಿಕೆಟ್ ಪಡೆದು, ಸುರುಳಿ ಮೆಟ್ಟಿಲು ಹತ್ತಿ, ಮೇಲಿನಿಂದ ಒಮ್ಮೆ ಕಡಲನ್ನು ಕಣ್ತುಂಬಿಕೊಂಡು, ನಾಲ್ಕಾರು ಫೋಟೊ ತೆಗೆದು, ಅರ್ಧ ಗಂಟೆಯೊಳಗೆ ಇಳಿದು ಹೊರಟುಬಿಡುತ್ತಾರೆ. ಅಷ್ಟರಲ್ಲಿ ಅವರಿಗೆ ದಕ್ಕುವುದು ಎತ್ತರದ ಒಂದು ಕಟ್ಟಡದ ಪರಿಚಯ ಮಾತ್ರ. ದೀಪಸ್ತಂಭವನ್ನು ಯಾರೂ ಮೇಲೆ ನಿಂತು ಕಡಲು ನೋಡಲೆಂದು ಕಟ್ಟಿಸಲಿಲ್ಲ. ಕಡಲಿನಲ್ಲಿರುವವನಿಗೆ ದಡ ಎಲ್ಲಿದೆ, ಬಂಡೆ ಎಲ್ಲಿದೆ, ತಾನು ಎಲ್ಲಿದ್ದೇನೆ ಎಂಬುದು ತಿಳಿಯಲೆಂದು ಕಟ್ಟಿಸಿದರು. ನಾವಿಕನ ಕಣ್ಣಿನಿಂದ ನೋಡಿದಾಗಲೇ ಅದರ ಎತ್ತರ, ಬಣ್ಣ, ಗಾಜು, ಮಿನುಗುವ ಲಯ ಎಲ್ಲಕ್ಕೂ ಅರ್ಥ ಹುಟ್ಟುತ್ತದೆ. ಹಾಗೆ ನೋಡಬೇಕಾದರೆ ಒಂದೇ ಗೋಪುರದ ಬಳಿಗೆ ಎರಡು ಬಾರಿ ಹೋಗಬೇಕು: ಹಗಲಿನಲ್ಲಿ ಗೋಪುರಕ್ಕಾಗಿ, ಇರುಳಿನಲ್ಲಿ ಬೆಳಕಿಗಾಗಿ. ಈ ಎರಡು ಭೇಟಿಗಳನ್ನು ಗಮನದಲ್ಲಿರಿಸಿಕೊಂಡೇ ಕೆಳಗಿನ ಹಂತಗಳನ್ನು ಬರೆದಿದ್ದೇನೆ.

1. ತೀರದ ಒಂದು ಭಾಗವನ್ನು ಆರಿಸಿಕೊಳ್ಳಿ

ಪ್ರಸಿದ್ಧವಾದ ಒಂದೇ ಗೋಪುರವನ್ನು ಗುರುತು ಮಾಡಿಕೊಂಡು ಹೊರಡುವುದಕ್ಕಿಂತ, ಅಕ್ಕಪಕ್ಕದಲ್ಲಿ ಮೂರು ನಾಲ್ಕು ದೀಪಗಳಿರುವ ತೀರದ ಭಾಗವೊಂದನ್ನು ಆರಿಸಿಕೊಳ್ಳುವುದು ಲೇಸು. ದೀಪಸ್ತಂಭಗಳು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಒಂದು ದೀಪ ಹಿಂದೆ ಸರಿದು ಮಸುಕಾಗುವ ಹೊತ್ತಿಗೆ ಮುಂದಿನದು ಕಾಣಿಸಿಕೊಳ್ಳಬೇಕು, ಆದರೆ ಎರಡೂ ಒಂದೇ ರೀತಿ ಮಿನುಗಬಾರದು ಎಂಬ ಲೆಕ್ಕಾಚಾರ ಅವುಗಳ ಸಾಲಿನ ಹಿಂದೆ ಇರುತ್ತದೆ. ಈ ಲೆಕ್ಕಾಚಾರ ಅಕ್ಕಪಕ್ಕದ ದೀಪಗಳನ್ನು ಹೋಲಿಸಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ.

ಆಯ್ಕೆ ಮಾಡುವಾಗ ಗೋಪುರ ನಿಂತ ಜಾಗವನ್ನು ಗಮನಿಸಿ. ಭೂಶಿರದ ಮೇಲಿನವು ದೂರದ ಹಡಗುಗಳಿಗೆ ನೆಲದ ಅಂಚನ್ನು ತೋರಿಸುತ್ತವೆ. ಅಳಿವೆ ಮತ್ತು ಬಂದರಿನ ಬಾಯಿಯಲ್ಲಿರುವವು ಒಳಗೆ ಬರುವ ದಾರಿಯನ್ನು ತೋರಿಸುತ್ತವೆ. ಕಡಲ ನಡುವಿನ ಬಂಡೆಯ ಮೇಲಿನವು ಆ ಬಂಡೆಯಿಂದ ದೂರವಿರಲು ಹೇಳುತ್ತವೆ. ಮೊದಲ ಎರಡು ಬಗೆಯವನ್ನು ಸಾಮಾನ್ಯವಾಗಿ ಹತ್ತಬಹುದು. ಸ್ಕಾಟ್ಲೆಂಡಿನ ಬೆಲ್ ರಾಕ್‌ನಂಥ ಮೂರನೆಯ ಬಗೆಯವನ್ನು, ಅಂದರೆ ಉಬ್ಬರದಲ್ಲಿ ಪೂರ್ತಿ ಮುಳುಗುವ ಬಂಡೆಯ ಮೇಲೆ ನಿಂತು 1811ರಿಂದ ಬೆಳಗುತ್ತಿರುವಂಥವನ್ನು, ದೋಣಿಯಿಂದಲೋ ದೂರದರ್ಶಕದಿಂದಲೋ ನೋಡಬೇಕಾಗುತ್ತದೆ. ಹತ್ತಲಾಗದು ಎಂಬ ಕಾರಣಕ್ಕೆ ಅವನ್ನು ಪಟ್ಟಿಯಿಂದ ಬಿಡಬೇಡಿ. ಎಂಜಿನಿಯರಿಂಗ್ ಸಾಹಸ ಹೆಚ್ಚಾಗಿ ಅಲ್ಲಿಯೇ ಇದೆ.

2. ನಾಲ್ಕು ಇಸವಿಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ

"ಇಲ್ಲಿನ ಅತ್ಯಂತ ಹಳೆಯ ದೀಪಸ್ತಂಭ" ಎಂಬ ಫಲಕವನ್ನು ಹಲವು ಕಡೆ ಕಾಣುತ್ತೇವೆ. ಈ ಮಾತು ಸುಳ್ಳಲ್ಲದಿದ್ದರೂ ಅನೇಕ ಬಾರಿ ಅಪೂರ್ಣವಾಗಿರುತ್ತದೆ. ಅಮೆರಿಕದ ಬಾಸ್ಟನ್ ಬಂದರಿನ ದ್ವೀಪದಲ್ಲಿ ದೀಪ ಮೊದಲು ಬೆಳಗಿದ್ದು 1716ರಲ್ಲಿ. ಈಗ ಅಲ್ಲಿ ನಿಂತಿರುವ ಗೋಪುರ 1783ರದು. ಸ್ಪೇನಿನ ಆ ಕೊರುನ್ಯಾದಲ್ಲಿರುವ ಹರ್ಕ್ಯುಲಿಸ್ ಗೋಪುರದ ಒಳಭಾಗ ರೋಮನ್ನರ ಕಾಲದ್ದು, ಸುಮಾರು 1,900 ವರ್ಷ ಹಳೆಯದು. ಹೊರಗೆ ಕಾಣುವ ಕಲ್ಲಿನ ಹೊದಿಕೆ ಮಾತ್ರ 18ನೇ ಶತಮಾನದ ಕೊನೆಯಲ್ಲಿ ತೊಡಿಸಿದ್ದು. ಹೊರಗಿನಿಂದ ಮಾತ್ರ ನೋಡಿ ಬಂದವರು ರೋಮನ್ ಕಟ್ಟಡವನ್ನು ನೋಡಿದಂತೆಯೇ ಆಗುವುದಿಲ್ಲ.

ಆದ್ದರಿಂದ ಪ್ರತಿಯೊಂದು ತಾಣಕ್ಕೂ ನಾಲ್ಕು ಇಸವಿಗಳನ್ನು ಹುಡುಕಿ: ಆ ಜಾಗದಲ್ಲಿ ಮೊದಲು ದೀಪ ಬೆಳಗಿದ ವರ್ಷ, ಈಗಿನ ಗೋಪುರ ಕಟ್ಟಿದ ವರ್ಷ, ಈಗಿನ ಮಸೂರ ಅಥವಾ ದೀಪವನ್ನು ಕೂರಿಸಿದ ವರ್ಷ, ಕೊನೆಯ ದೀಪಪಾಲಕ ಅಲ್ಲಿಂದ ಹೊರಟ ವರ್ಷ. ಐರ್ಲೆಂಡಿನ ಹುಕ್ ಭೂಶಿರದ ಗೋಪುರವನ್ನು 13ನೇ ಶತಮಾನದ ಆರಂಭದಲ್ಲಿ ವಿಲಿಯಂ ಮಾರ್ಷಲ್ ಎಂಬ ಸಾಮಂತ ಕಟ್ಟಿಸಿದ. ಅಲ್ಲಿಗೆ ವಿದ್ಯುತ್ ಬಂದದ್ದು 1972ರಲ್ಲಿ, ದೀಪ ಸ್ವಯಂಚಾಲಿತವಾದದ್ದು 1996ರಲ್ಲಿ. ಇಷ್ಟು ತಿಳಿದು ಹೋದವನಿಗೆ ಅಲ್ಲಿನ ದಪ್ಪ ಗೋಡೆಗಳ ನಡುವಿನ 115 ಮೆಟ್ಟಿಲುಗಳು ಎಂಟು ಶತಮಾನಗಳ ಕೆಲಸದ ಜಾಗವಾಗಿ ಕಾಣುತ್ತವೆ.

3. ದೀಪಪಟ್ಟಿಯನ್ನು ಓದಲು ಕಲಿಯಿರಿ

ಪ್ರವಾಸಿ ಕೈಪಿಡಿಗಳಿಗಿಂತ ಹೆಚ್ಚು ಉಪಯುಕ್ತವಾದದ್ದು ನಾವಿಕರ ದೀಪಪಟ್ಟಿ. ಕಡಲತೀರವುಳ್ಳ ದೇಶಗಳ ನೌಕಾ ಇಲಾಖೆಗಳು ಇಂಥ ಪಟ್ಟಿಗಳನ್ನು ಪ್ರಕಟಿಸುತ್ತವೆ. ಇದೇ ವಿವರಗಳು ನೌಕಾ ನಕ್ಷೆಗಳಲ್ಲಿಯೂ ಸಂಕ್ಷಿಪ್ತವಾಗಿ ಇರುತ್ತವೆ. ಒಂದು ದೀಪದ ಮುಂದೆ "ಎಫ್‌ಎಲ್ (3) ಡಬ್ಲ್ಯೂ 20 ಎಸ್ 36 ಎಂ 18 ಎಂ" ಎಂಬಂಥ ಬರಹ ಇದ್ದರೆ ಹೆದರಬೇಕಾಗಿಲ್ಲ. ಮೂರು ಮಿನುಗುಗಳ ಒಂದು ಗುಂಪು, ಬಿಳಿ ಬಣ್ಣ, ಇಡೀ ಲಯ 20 ಸೆಕೆಂಡಿಗೊಮ್ಮೆ ಮರಳುತ್ತದೆ, ದೀಪ ಉಬ್ಬರದ ನೀರಿನ ಮಟ್ಟದಿಂದ 36 ಮೀಟರ್ ಎತ್ತರದಲ್ಲಿದೆ, ಬೆಳಕು 18 ನಾಟಿಕಲ್ ಮೈಲಿ ತಲುಪುತ್ತದೆ ಎಂದು ಅದರ ಅರ್ಥ. ಇಂಗ್ಲಿಷ್ ಬರಹದಲ್ಲಿ ಸಣ್ಣ ಅಕ್ಷರದ ಎಂ (m) ಮೀಟರನ್ನೂ ದೊಡ್ಡ ಅಕ್ಷರದ ಎಂ (M) 1,852 ಮೀಟರ್ ಉದ್ದದ ನಾಟಿಕಲ್ ಮೈಲಿಯನ್ನೂ ಸೂಚಿಸುತ್ತವೆ.

ಲಯದ ಬಗೆಗಳಲ್ಲಿ ನಾಲ್ಕನ್ನು ತಿಳಿದಿದ್ದರೆ ಸಾಕಾಗುತ್ತದೆ. ಸ್ಥಿರ ಬೆಳಕು ಒಂದೇ ಸಮನೆ ಉರಿಯುತ್ತದೆ. ಮಿನುಗು ಬೆಳಕಿನಲ್ಲಿ ಕತ್ತಲೆಯ ಹೊತ್ತು ಹೆಚ್ಚು, ಬೆಳಕಿನ ಹೊತ್ತು ಕಡಿಮೆ. ಮರೆಯಾಗುವ ಬೆಳಕು ಇದಕ್ಕೆ ವಿರುದ್ಧ: ಬಹು ಹೊತ್ತು ಉರಿದು ಕ್ಷಣಮಾತ್ರ ಮರೆಯಾಗುತ್ತದೆ. ಸಮಾವಧಿ ಬೆಳಕಿನಲ್ಲಿ ಬೆಳಕೂ ಕತ್ತಲೆಯೂ ಸರಿಸಮ. ಪಟ್ಟಿಯಲ್ಲಿ ಕೆಂಪು ಅಥವಾ ಹಸಿರು ವಲಯ ಎಂದಿದ್ದರೆ ಅದನ್ನು ತಪ್ಪದೆ ಗುರುತು ಹಾಕಿಕೊಳ್ಳಿ. ನೋಡುವವನು ಯಾವ ದಿಕ್ಕಿನಲ್ಲಿದ್ದಾನೆ ಎಂಬುದರ ಮೇಲೆ ಆ ದೀಪದ ಬಣ್ಣ ಬದಲಾಗುತ್ತದೆ; ಸಾಮಾನ್ಯವಾಗಿ ಕೆಂಪು ಕಾಣುವ ಕಡೆ ಬಂಡೆಯೋ ಮರಳದಿಬ್ಬವೋ ಇರುತ್ತದೆ.

4. ಅನುಮತಿ, ಸಮಯ ಮತ್ತು ಮೂರು ಪ್ರಶ್ನೆಗಳು

ಗೋಪುರ ಒಬ್ಬರದು, ದೀಪ ಇನ್ನೊಬ್ಬರದು ಎಂಬ ವ್ಯವಸ್ಥೆ ಸಾಮಾನ್ಯ. ಕಟ್ಟಡವನ್ನು ಪಾರಂಪರಿಕ ಸಂಸ್ಥೆಯೊಂದು ನೋಡಿಕೊಳ್ಳುತ್ತಿರಬಹುದು, ಮೇಲೆ ಉರಿಯುವ ದೀಪ ಮಾತ್ರ ನೌಕಾ ಇಲಾಖೆಯ ಅಧೀನದಲ್ಲಿರಬಹುದು, ಪಕ್ಕದ ವಸತಿಯಲ್ಲಿ ಯಾರೋ ಖಾಸಗಿಯಾಗಿ ವಾಸಿಸುತ್ತಿರಬಹುದು. ಹೊರಡುವ ಮುನ್ನ ವಿಚಾರಿಸಬೇಕಾದ ಪ್ರಶ್ನೆಗಳು ಮೂರು. ದೀಪದ ಕೋಣೆಯವರೆಗೂ ಬಿಡುತ್ತಾರೋ ಅಥವಾ ಬಾಲ್ಕನಿಯವರೆಗೆ ಮಾತ್ರವೋ? ಮಕ್ಕಳಿಗೆ ವಯಸ್ಸಿನ ಅಥವಾ ಎತ್ತರದ ಮಿತಿ ಇದೆಯೋ? ಗಾಳಿ ಜೋರಾದರೆ ಅಥವಾ ದುರಸ್ತಿ ನಡೆಯುತ್ತಿದ್ದರೆ ಹತ್ತುವುದನ್ನು ನಿಲ್ಲಿಸುತ್ತಾರೋ? ಮೂರನೆಯದನ್ನು ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ಕೇಳಬೇಕು. ಡ್ರೋನ್ ಹಾರಿಸುವುದಕ್ಕೆ ಬಹುತೇಕ ಕಡೆ ನಿರ್ಬಂಧವಿರುತ್ತದೆ, ಕೇಳದೆ ಹಾರಿಸಬಾರದು.

ಪ್ರತಿ ವರ್ಷ ಆಗಸ್ಟ್ ತಿಂಗಳಿನ ಒಂದು ವಾರಾಂತ್ಯದಲ್ಲಿ ಹವ್ಯಾಸಿ ರೇಡಿಯೊ ಆಸಕ್ತರು ಹಲವು ದೇಶಗಳ ದೀಪಸ್ತಂಭಗಳಿಂದ ಪರಸ್ಪರ ಸಂಪರ್ಕ ಸಾಧಿಸುವ ಅಂತರರಾಷ್ಟ್ರೀಯ ಕಾರ್ಯಕ್ರಮ ನಡೆಯುತ್ತದೆ. ಮಿಕ್ಕ ದಿನಗಳಲ್ಲಿ ಮುಚ್ಚಿರುವ ಕೆಲವು ತಾಣಗಳು ಆಗ ತೆರೆದಿರುತ್ತವೆ.

5. ಉಬ್ಬರವಿಳಿತವನ್ನು ಮೊದಲು ಲೆಕ್ಕಹಾಕಿ, ಅನಂತರ ಹೊರಡಿ

ಈ ಹಂತದಲ್ಲಿ ಅಜಾಗರೂಕತೆ ಪ್ರಾಣಾಪಾಯಕ್ಕೆ ದಾರಿ ಮಾಡಬಲ್ಲದು. ದಡದಿಂದ ತುಸು ದೂರದ ದ್ವೀಪದ ಮೇಲಿನ ದೀಪಸ್ತಂಭಕ್ಕೆ ಇಳಿತದ ಹೊತ್ತಿನಲ್ಲಿ ನಡೆದೇ ಹೋಗಬಹುದು. ಉಬ್ಬರ ಬಂದಾಗ ಅದೇ ದಾರಿ ನೀರಿನಡಿ ಮುಳುಗುತ್ತದೆ. ಇಂಗ್ಲೆಂಡಿನ ಈಶಾನ್ಯ ತೀರದ ಸೇಂಟ್ ಮೇರಿ ದ್ವೀಪದ ದೀಪಸ್ತಂಭಕ್ಕೆ ಹೋಗುವ ದಾರಿ ಇಂಥದ್ದು. ಫ್ರಾನ್ಸಿನ ಜಿರೋಂದ್ ಅಳಿವೆಯ ಬಾಯಿಯಲ್ಲಿರುವ ಕೊರ್ದುವಾನ್ ದೀಪಸ್ತಂಭಕ್ಕೆ ದೋಣಿಯಲ್ಲಿ ಹೋಗಬೇಕು, ಅದೂ ಇಳಿತಕ್ಕೆ ಹೊಂದಿಸಿಕೊಂಡು. ದೋಣಿ ಹೊರಡುವ ಸಮಯವನ್ನು ಅಲ್ಲಿ ಕಡಲು ನಿರ್ಧರಿಸುತ್ತದೆ.

ಬಹುತೇಕ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುವುದರಿಂದ ಪ್ರತಿ ದಿನವೂ ಸಮಯ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿನ್ನೆ ಹೋಗಿ ಬಂದವರ ಮಾತನ್ನು ನಂಬಿ ಇಂದು ಅದೇ ಹೊತ್ತಿಗೆ ಹೊರಡುವುದು ಈ ಕಾರಣದಿಂದಲೇ ತಪ್ಪು. ನೀರು ಒಂದೇ ವೇಗದಲ್ಲಿ ಏರುವುದೂ ಇಲ್ಲ. ಇಳಿತದಿಂದ ಉಬ್ಬರಕ್ಕೆ ಹಿಡಿಯುವ ಆರು ಗಂಟೆಗಳಲ್ಲಿ ಮೊದಲ ಗಂಟೆ ಸ್ವಲ್ಪವೇ ಏರಿ, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳೆರಡರಲ್ಲೇ ಒಟ್ಟು ಏರಿಕೆಯ ಅರ್ಧದಷ್ಟು ಮುಗಿಯುತ್ತದೆ. ಮೊದಲ ಗಂಟೆಯ ನಿಧಾನವನ್ನು ಕಂಡು ಧೈರ್ಯ ತಾಳಿದವರು ಸಿಕ್ಕಿಬೀಳುವುದು ಹೀಗೆಯೇ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಅತಿ ಹೆಚ್ಚು: ನೀರು ದೂರದವರೆಗೆ ಸರಿಯುತ್ತದೆ, ಮರಳುವಾಗ ಅಷ್ಟೇ ಬಲದಿಂದ ಬರುತ್ತದೆ.

ಆ ದಿನದ, ಆ ಜಾಗದ ಉಬ್ಬರವಿಳಿತದ ಪಟ್ಟಿಯನ್ನು ನೋಡಿ, ನೀರು ಇನ್ನೂ ಇಳಿಯುತ್ತಿರುವಾಗಲೇ ದಾಟಿ, ಅದು ಮತ್ತೆ ಏರತೊಡಗುವ ಮುನ್ನವೇ ಮರಳುವಂತೆ ಸಮಯ ಹೊಂದಿಸಿಕೊಳ್ಳಿ. ತಡವಾಗಿ ನೀರು ಏರಿಬಿಟ್ಟರೆ ದಾಟುವ ಸಾಹಸ ಬೇಡ. ದ್ವೀಪದಲ್ಲಿಯೇ ಎತ್ತರದ ಜಾಗದಲ್ಲಿ ಮುಂದಿನ ಇಳಿತದವರೆಗೆ ಕಾಯುವುದು ಬೇಸರದ ಸಂಗತಿಯಾದರೂ ಸುರಕ್ಷಿತ. ನಿಮ್ಮನ್ನು ಕಾಯುತ್ತಿರುವವರಿಗೆ ಒಂದು ಕರೆ ಮಾಡಿ ತಿಳಿಸಿದರೆ ಸಾಕು.

6. ಬಾಗಿಲಿಗೆ ಹೋಗುವ ಮೊದಲು ಸುತ್ತ ನಡೆಯಿರಿ

ತಲುಪಿದ ಕೂಡಲೇ ಮೆಟ್ಟಿಲಿನತ್ತ ಧಾವಿಸದೆ ಗೋಪುರವನ್ನು ಒಮ್ಮೆ ಪ್ರದಕ್ಷಿಣೆ ಹಾಕಿ. ಮೊದಲು ಬಣ್ಣ. ಪಟ್ಟೆ, ಸುರುಳಿ, ಚೌಕ ಯಾವುದೇ ಇರಲಿ, ಅದು ಹಗಲಿನ ಗುರುತು. ಬೆಳಕಿಲ್ಲದ ಹೊತ್ತಿನಲ್ಲೂ ಇದು ಯಾವ ಗೋಪುರ ಎಂಬುದನ್ನು ನಾವಿಕನಿಗೆ ಅದು ಹೇಳಬೇಕು. ಹಿನ್ನೆಲೆಯಲ್ಲಿ ಕಾಡಿದ್ದರೆ ಬಿಳಿ ಬಣ್ಣ ಎದ್ದು ಕಾಣುತ್ತದೆ, ಆಕಾಶ ಅಥವಾ ಮರಳು ಇದ್ದರೆ ಗಾಢ ಪಟ್ಟೆ ಬೇಕಾಗುತ್ತದೆ. ಗೋಪುರದ ಹಿಂದೆ ಏನಿದೆ ಎಂದು ಕಡಲ ಕಡೆಯಿಂದ ನೋಡಿದರೆ ಈ ಆಯ್ಕೆಯ ಕಾರಣ ತಿಳಿಯುತ್ತದೆ.

ಅನಂತರ ಎತ್ತರ. ಗುಡ್ಡದ ಮೇಲಿನ ಗೋಪುರ ಕುಳ್ಳಗಿರುತ್ತದೆ, ಸಮತಟ್ಟಾದ ಮರಳುತೀರದ್ದು ಎತ್ತರವಾಗಿರುತ್ತದೆ. ನೀರಿನ ಮಟ್ಟದಿಂದ ದೀಪಕ್ಕಿರುವ ಎತ್ತರವೇ ಇಲ್ಲಿ ಮುಖ್ಯ. ಆದರೆ ಎತ್ತರ ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ದಕ್ಷಿಣ ಆಫ್ರಿಕಾದ ಕೇಪ್ ಪಾಯಿಂಟ್‌ನ ಹಳೆಯ ದೀಪ ಸಮುದ್ರಮಟ್ಟದಿಂದ 238 ಮೀಟರ್ ಎತ್ತರದಲ್ಲಿತ್ತು. ಮೋಡ ಮತ್ತು ಮಂಜು ಅದನ್ನು ಮತ್ತೆ ಮತ್ತೆ ಮುಚ್ಚಿಬಿಡುತ್ತಿದ್ದವು. 1911ರಲ್ಲಿ ಲುಸಿಟಾನಿಯಾ ಎಂಬ ಪೋರ್ಚುಗೀಸ್ ಹಡಗು ಅಲ್ಲಿನ ಬಂಡೆಗೆ ಬಡಿದ ಮೇಲೆ, ಸಮುದ್ರಮಟ್ಟದಿಂದ ಕೇವಲ 87 ಮೀಟರ್ ಎತ್ತರದಲ್ಲಿ ಹೊಸ ದೀಪ ಕಟ್ಟಿ 1919ರಲ್ಲಿ ಬೆಳಗಿಸಿದರು. ಎರಡು ಗೋಪುರಗಳು ಹತ್ತಿರ ಹತ್ತಿರ ನಿಂತಿರುವ ಕಡೆಯಲ್ಲೆಲ್ಲ ಹಳೆಯದನ್ನು ಏಕೆ ಬಿಟ್ಟರು ಎಂದು ಕೇಳಿ. ಉತ್ತರದಲ್ಲಿ ಆ ತೀರದ ಇತಿಹಾಸವೇ ಇರುತ್ತದೆ.

ಕಡಲು ನೆಲವನ್ನು ಕೊರೆಯುವುದರಿಂದಲೂ ಗೋಪುರಗಳು ಜಾಗ ಬಿಟ್ಟಿವೆ. ಅಮೆರಿಕದ ಕೇಪ್ ಹಟೆರಾಸ್‌ನಲ್ಲಿ 1870ರ ಇಟ್ಟಿಗೆಯ ಗೋಪುರದ ಬುಡಕ್ಕೆ ಅಲೆಗಳು ಸಮೀಪಿಸಿದಾಗ, ನಾಲ್ಕು ಸಾವಿರ ಟನ್ನಿಗೂ ಹೆಚ್ಚು ತೂಕದ ಆ ಕಟ್ಟಡವನ್ನು 1999ರಲ್ಲಿ ಹಳಿಗಳ ಮೇಲೆ ಸುಮಾರು 880 ಮೀಟರ್ ಒಳನಾಡಿನತ್ತ ಸರಿಸಿದರು. ಇಂಗ್ಲೆಂಡಿನ ಎಡಿಸ್ಟೋನ್ ಬಂಡೆಯ ಕಥೆ ಇನ್ನೂ ದೀರ್ಘವಾದದ್ದು. ಅಲ್ಲಿ 1698ರಲ್ಲಿ ಮೊದಲ ದೀಪ ಬೆಳಗಿಸಿದ ಹೆನ್ರಿ ವಿನ್‌ಸ್ಟಾನ್ಲಿ 1703ರ ಮಹಾ ಬಿರುಗಾಳಿಯ ರಾತ್ರಿ ತನ್ನ ಗೋಪುರದ ಜೊತೆಗೇ ಕಡಲು ಸೇರಿದ; ಎರಡನೆಯದು 1755ರಲ್ಲಿ ಬೆಂಕಿಗೆ ಆಹುತಿಯಾಯಿತು. ಮೂರನೆಯದನ್ನು ಜಾನ್ ಸ್ಮೀಟನ್ ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಕೆತ್ತಿದ ಕಲ್ಲುಗಳಿಂದ, ನೀರಿನಲ್ಲೂ ಗಟ್ಟಿಯಾಗುವ ಸುಣ್ಣದ ಗಾರೆಯಿಂದ ಕಟ್ಟಿ 1759ರಲ್ಲಿ 24 ಮೇಣದಬತ್ತಿಗಳಿಂದ ಬೆಳಗಿಸಿದ. ಆ ಗೋಪುರ ಸೋಲಲಿಲ್ಲ, ಅದರ ಕೆಳಗಿನ ಬಂಡೆ ಸವೆಯಿತು. 1882ರಲ್ಲಿ ಹೊಸದು ಬಂದಾಗ ಸ್ಮೀಟನ್‌ನ ಗೋಪುರದ ಮೇಲ್ಭಾಗವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಪ್ಲಿಮತ್ ಊರಿನ ದಡದ ಮೇಲೆ ಮರಳಿ ಜೋಡಿಸಿದರು. ಇಂದು ಜನ ಅಲ್ಲಿ ಅದನ್ನು ಹತ್ತುತ್ತಾರೆ. ಅದರ ಬುಡ ಈಗಲೂ ಕಡಲಿನ ಬಂಡೆಯ ಮೇಲೆ, ಹೊಸ ಗೋಪುರದ ಪಕ್ಕದಲ್ಲಿ ನಿಂತಿದೆ.

ಸುತ್ತಲಿನ ಚಿಕ್ಕ ಕಟ್ಟಡಗಳನ್ನೂ ಬಿಡಬೇಡಿ. ತುಸು ದೂರದಲ್ಲಿ ಒಂಟಿಯಾಗಿ ನಿಂತ ಕಿಟಕಿ ಕಡಿಮೆಯ ಕೋಣೆ ಎಣ್ಣೆಯ ಉಗ್ರಾಣವಾಗಿರಬಹುದು. ಸೀಮೆಎಣ್ಣೆ ಬಂದ ಮೇಲೆ ಬೆಂಕಿಯ ಭಯದಿಂದ ಅದನ್ನು ಗೋಪುರದಿಂದ ದೂರವಿಡುತ್ತಿದ್ದರು. ಮಂಜಿನ ವೇಳೆ ಮೊಳಗುವ ಸೈರನ್ ಇನ್ನೂ ಕೆಲಸದಲ್ಲಿದ್ದರೆ ಅದರ ಮುಂದೆ ನಿಲ್ಲಬೇಡಿ. ಅದು ಮುನ್ಸೂಚನೆಯಿಲ್ಲದೆ ಮೊಳಗುತ್ತದೆ, ಕಿವಿಗೆ ಹಾನಿಯಾಗುವಷ್ಟು ಜೋರಾಗಿರುತ್ತದೆ.

7. ಹತ್ತುವುದು

ಬೆರಳು ಮುಚ್ಚುವ, ಜಾರದ ಅಟ್ಟೆಯ ಚಪ್ಪಟೆ ಪಾದರಕ್ಷೆ ಇರಲಿ. ಎರಡೂ ಕೈ ಖಾಲಿ ಇರಬೇಕು; ಚೀಲ ಚಿಕ್ಕದಾಗಿ ಬೆನ್ನಿಗೆ ಅಂಟಿರಲಿ, ಕ್ಯಾಮೆರಾ ಕೊರಳಿಗೆ ಬಿಗಿಯಾಗಿರಲಿ. ಮೆಟ್ಟಿಲುಗಳ ಸಂಖ್ಯೆ ಮೊದಲೇ ತಿಳಿದಿದ್ದರೆ ಉಸಿರನ್ನು ಹೊಂದಿಸಿಕೊಳ್ಳಬಹುದು: ಹಟೆರಾಸ್‌ನಲ್ಲಿ ಬಾಲ್ಕನಿಯವರೆಗೆ 257, ಕೊರ್ದುವಾನ್‌ನಲ್ಲಿ 301. ಎರಕದ ಕಬ್ಬಿಣದ ಜಾಲರಿ ಮೆಟ್ಟಿಲುಗಳ ಸಂದಿಯಿಂದ ಕೆಳಗಿನ ಆಳ ನೇರವಾಗಿ ಕಾಣುತ್ತದೆ. ಎತ್ತರದ ಭಯವಿರುವವರು ಗೋಡೆಯ ಬದಿಗೆ ಸರಿದು, ದೃಷ್ಟಿಯನ್ನು ಮುಂದಿನ ಎರಡು ಮೆಟ್ಟಿಲುಗಳ ಮೇಲಿಟ್ಟು ಏರುವುದು ಸುಲಭ. ಕೊನೆಯಲ್ಲಿ ಕಡಿದಾದ ಏಣಿ ಸಿಕ್ಕರೆ, ಇಳಿಯುವಾಗಲೂ ಏಣಿಗೆ ಮುಖ ಮಾಡಿಯೇ ಇಳಿಯಬೇಕು.

ಏರುತ್ತಿರುವಾಗ ಗೋಪುರದ ನಡುವೆ ಅಥವಾ ಗೋಡೆಯೊಳಗೆ ಮೇಲಿಂದ ಕೆಳಗಿನವರೆಗೆ ಹಾದುಹೋಗುವ ಟೊಳ್ಳು ಜಾಗವಿದೆಯೇ ನೋಡಿ. ಗೋಡೆ ಗಡಿಯಾರದಂತೆ ಭಾರದ ಗುಂಡೊಂದು ಅದರಲ್ಲಿ ನಿಧಾನವಾಗಿ ಇಳಿಯುತ್ತ ಮೇಲಿನ ಮಸೂರವನ್ನು ತಿರುಗಿಸುತ್ತಿತ್ತು; ಅದು ತಳ ಮುಟ್ಟುವ ಮೊದಲು ದೀಪಪಾಲಕ ಕೈಯಿಂದ ಸುತ್ತಿ ಮೇಲೆತ್ತಬೇಕಾಗಿತ್ತು, ರಾತ್ರಿಯುದ್ದಕ್ಕೂ, ಪ್ರತಿ ರಾತ್ರಿಯೂ. ಈ ಒಂದು ಟೊಳ್ಳನ್ನು ಕಂಡರೆ ದೀಪಪಾಲಕನ ಬದುಕಿನ ಅರ್ಧ ಅರ್ಥವಾಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಬಾಲ್ಕನಿಯ ಬಾಗಿಲನ್ನು ತೆರೆಯುವಾಗ ಗಟ್ಟಿಯಾಗಿ ಹಿಡಿದುಕೊಳ್ಳಿ. ಕೆಳಗೆ ತಂಗಾಳಿಯಿದ್ದ ದಿನವೂ ಮೇಲೆ ಗಾಳಿ ಬಾಗಿಲನ್ನು ಕಿತ್ತುಕೊಳ್ಳುವಷ್ಟು ಬಲವಾಗಿರಬಹುದು.

8. ಮಸೂರದ ಮುಂದೆ ಸಮಯ ಕಳೆಯಿರಿ

ಒಂದು ಗಂಟೆಯ ಭೇಟಿಯಾದರೆ ಅರ್ಧ ಗಂಟೆಯನ್ನು ಇಲ್ಲಿಗೆ ಮೀಸಲಿಡಿ. ಫ್ರೆಂಚ್ ವಿಜ್ಞಾನಿ ಆಗುಸ್ತಾನ್ ಫ್ರೆನೆಲ್ ರೂಪಿಸಿದ ಮಸೂರ 1823ರಲ್ಲಿ ಕೊರ್ದುವಾನ್‌ನಲ್ಲಿ ಮೊದಲ ಬಾರಿಗೆ ಬೆಳಗಿತು. ಅದಕ್ಕೆ ಮೊದಲು ದೀಪದ ಹಿಂದೆ ಬಟ್ಟಲಿನಾಕಾರದ ಕನ್ನಡಿಗಳನ್ನಿಟ್ಟು ಬೆಳಕನ್ನು ಮುಂದಕ್ಕೆ ಕಳಿಸುತ್ತಿದ್ದರು; ಬಹಳಷ್ಟು ಬೆಳಕು ಕನ್ನಡಿಯಲ್ಲಿಯೇ ಕಳೆದುಹೋಗುತ್ತಿತ್ತು. ದೊಡ್ಡ ಗಾಜಿನ ಮಸೂರವನ್ನು ಬಳಸೋಣವೆಂದರೆ ಅದು ಅತಿ ದಪ್ಪವಾಗಿ, ಅತಿ ಭಾರವಾಗಿ, ಬೆಳಕನ್ನು ತಾನೇ ನುಂಗುತ್ತಿತ್ತು. ಬೆಳಕನ್ನು ಬಾಗಿಸುವುದು ಮಸೂರದ ಮೇಲ್ಮೈಯ ವಾಲು, ಒಳಗಿನ ದಪ್ಪವಲ್ಲ ಎಂಬುದನ್ನು ಹಿಡಿದು, ಫ್ರೆನೆಲ್ ಆ ದಪ್ಪವನ್ನು ತೆಗೆದುಹಾಕಿ ವಾಲುಗಳನ್ನು ಮಾತ್ರ ಉಂಗುರಗಳಾಗಿ ಜೋಡಿಸಿದ. ಮುಂದೆ ಪೂರ್ಣಗೊಂಡ ವಿನ್ಯಾಸದಲ್ಲಿ ನಡುವಿನ ಉಂಗುರಗಳು ಬೆಳಕನ್ನು ಬಾಗಿಸುತ್ತವೆ. ಮೇಲೂ ಕೆಳಗೂ ಇರುವ ಪ್ರಿಸಮ್‌ಗಳು ಆಕಾಶಕ್ಕೂ ನೆಲಕ್ಕೂ ವ್ಯರ್ಥವಾಗಿ ಹೋಗುವ ಬೆಳಕನ್ನು ತಮ್ಮೊಳಗೇ ಪ್ರತಿಫಲಿಸಿ ದಿಗಂತದತ್ತ ತಿರುಗಿಸುತ್ತವೆ. ನೀವು ಮಸೂರದ ಮುಂದೆ ನಿಂತಾಗ ಈ ಎರಡು ಬಗೆಯ ಗಾಜನ್ನು ಬೇರೆ ಬೇರೆಯಾಗಿ ಗುರುತಿಸಲು ಪ್ರಯತ್ನಿಸಿ.

ಗಾತ್ರಕ್ಕೆ ತಕ್ಕಂತೆ ಈ ಮಸೂರಗಳಿಗೆ ದರ್ಜೆಗಳಿವೆ. ಮೊದಲ ದರ್ಜೆಯದರ ಒಳವ್ಯಾಸ 1.84 ಮೀಟರ್, ಒಬ್ಬ ವ್ಯಕ್ತಿ ಅದರೊಳಗೆ ಆರಾಮವಾಗಿ ನಿಲ್ಲಬಹುದು. ಆರನೆಯ ದರ್ಜೆಯದು ಕೇವಲ 30 ಸೆಂಟಿಮೀಟರ್. ಭೂಶಿರಗಳಿಗೆ ದೊಡ್ಡವು, ಬಂದರಿನ ಬಾಯಿಗೆ ಚಿಕ್ಕವು ಎಂಬುದು ಸಾಮಾನ್ಯ ಕ್ರಮ.

ಮಸೂರ ಸುತ್ತಲೂ ನುಣುಪಾದ ಡೋಲಿನಂತಿದ್ದರೆ ಅದು ಎಲ್ಲ ದಿಕ್ಕಿಗೂ ಸಮನಾದ ಬೆಳಕನ್ನು ಕೊಡುತ್ತದೆ. ಅದರಲ್ಲಿ ಗೂಳಿಗಣ್ಣಿನಂಥ ದುಂಡು ಫಲಕಗಳಿದ್ದರೆ ಪ್ರತಿ ಫಲಕದಿಂದ ಒಂದೊಂದು ಬೆಳಕಿನ ತೊಲೆ ಹೊರಡುತ್ತದೆ, ಮಸೂರ ತಿರುಗಿದಂತೆ ಆ ತೊಲೆಗಳು ಕಡಲ ಮೇಲೆ ಗಾಲಿಯ ಅರಗಳ ಹಾಗೆ ಸುತ್ತುತ್ತವೆ. ದೀಪ ಒಳಗೆ ಸದಾ ಉರಿಯುತ್ತಲೇ ಇರುತ್ತದೆ. ತೊಲೆ ತನ್ನ ಮೇಲೆ ಹಾದುಹೋದ ಕ್ಷಣವನ್ನು ನಾವಿಕ ಮಿನುಗೆಂದು ಕಾಣುತ್ತಾನೆ. ಆದ್ದರಿಂದ ಸಮಾನ ಅಂತರದ ಎಂಟು ಫಲಕಗಳಿರುವ ಮಸೂರ 80 ಸೆಕೆಂಡಿಗೆ ಒಂದು ಸುತ್ತು ಮುಗಿಸಿದರೆ ಮಿನುಗು 10 ಸೆಕೆಂಡಿಗೊಮ್ಮೆ ಬರುತ್ತದೆ. ಫಲಕಗಳನ್ನು ಎಣಿಸಿ, ಅವು ಸಮಾನ ದೂರದಲ್ಲಿವೆಯೇ ಗುಂಪಾಗಿವೆಯೇ ಎಂದು ಬರೆದುಕೊಳ್ಳಿ. ರಾತ್ರಿಗೆ ಇದು ಬೇಕಾಗುತ್ತದೆ. ಕಿಟಕಿಯ ಗಾಜುಗಳಲ್ಲಿ ಒಂದು ಮಾತ್ರ ಕೆಂಪಾಗಿದ್ದರೆ, ದೀಪದಿಂದ ಆ ಗಾಜಿನ ಮೂಲಕ ಗೆರೆ ಎಳೆದಂತೆ ಕಡಲಿನತ್ತ ನೋಡಿ. ದೀಪಪಟ್ಟಿಯಲ್ಲಿ ಗುರುತು ಹಾಕಿಕೊಂಡ ಅಪಾಯದ ಬಂಡೆ ಆ ದಿಕ್ಕಿನಲ್ಲಿರುತ್ತದೆ.

ಎರಡು ಎಚ್ಚರಿಕೆಗಳನ್ನು ತಪ್ಪದೆ ಪಾಲಿಸಿ. ಗಾಜನ್ನು ಮುಟ್ಟಬೇಡಿ: ಬೆರಳಿನ ಜಿಡ್ಡು ಅಂಟುತ್ತದೆ, ಪ್ರಿಸಮ್‌ಗಳ ಅಂಚು ಸುಲಭವಾಗಿ ಚಕ್ಕೆ ಏಳುತ್ತದೆ, ಹಿತ್ತಾಳೆಯ ಚೌಕಟ್ಟಿಗೆ ಅವನ್ನು ಹಿಡಿದಿಟ್ಟ ಹಳೆಯ ಲಪ್ಪ (ಗಾಜು ಕೂರಿಸುವ ಅಂಟು) ಶಿಥಿಲವಾಗಿರುತ್ತದೆ. ಹಗಲಿನಲ್ಲಿ ಎಳೆದಿರುವ ಪರದೆಯನ್ನು ಚಿತ್ರಕ್ಕಾಗಿ ಸರಿಸುವುದೂ ತಪ್ಪು, ಏಕೆಂದರೆ ದೀಪದ ಬೆಳಕನ್ನು ಹೊರಗೆ ಒಗ್ಗೂಡಿಸುವ ಮಸೂರವೇ ಬಿಸಿಲನ್ನು ಒಳಗೆ ಒಗ್ಗೂಡಿಸಿ ಬೆಂಕಿ ಹಚ್ಚಬಲ್ಲದು. ಎರಡನೆಯದು ಪಾದರಸ. ಟನ್ನುಗಟ್ಟಲೆ ತೂಗುವ ಮಸೂರ ಬೆರಳಿನ ನೂಕಿಗೂ ತಿರುಗಲೆಂದು ಅದನ್ನು ಪಾದರಸದ ತೊಟ್ಟಿಯಲ್ಲಿ ತೇಲಿಸುತ್ತಿದ್ದರು. ಹಲವು ಕಡೆ ಅದನ್ನು ಈಗ ತೆಗೆದಿದ್ದಾರೆ. ನೆಲದ ಮೇಲೆ ಬೆಳ್ಳಿಯ ಹನಿಗಳಂತೆ ಏನಾದರೂ ಕಂಡರೆ ಮುಟ್ಟದೆ, ಮಕ್ಕಳನ್ನು ಹೊರಗೆ ಕಳಿಸಿ, ಸಿಬ್ಬಂದಿಗೆ ಕೂಡಲೇ ತಿಳಿಸಿ. ಅದರ ಆವಿ ವಿಷ.

9. ಕಾಯ್ದವರ ಬಗ್ಗೆ ಕೇಳಿ

ಫಲಕಗಳಲ್ಲಿ ಎಂಜಿನಿಯರುಗಳ ಹೆಸರಿರುತ್ತದೆ, ದೀಪಪಾಲಕರದು ಇರುವುದು ಕಡಿಮೆ. ದಿನಚರಿ ಪುಸ್ತಕಗಳನ್ನು ಪ್ರದರ್ಶನಕ್ಕಿಟ್ಟಿದ್ದರೆ ಒಂದೆರಡು ಪುಟಗಳನ್ನಾದರೂ ಓದಿ. ಗಾಳಿ, ಎಣ್ಣೆ, ಬತ್ತಿ, ಗಾಜು ಒರೆಸಿದ್ದು ಎಂಬ ಸಾಲುಗಳೇ ಮರಳಿ ಮರಳಿ ಬರುತ್ತವೆ, ಆ ಪುನರಾವರ್ತನೆಯೇ ಅವರ ಕೆಲಸ. ಇಂಗ್ಲೆಂಡಿನ ಲಾಂಗ್‌ಸ್ಟೋನ್ ದೀಪಸ್ತಂಭದ ಕಿಟಕಿಯಿಂದ 1838ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಒಡೆದ ಹಡಗನ್ನು ಕಂಡ ದೀಪಪಾಲಕನ ಮಗಳು, 22 ವರ್ಷದ ಗ್ರೇಸ್ ಡಾರ್ಲಿಂಗ್, ತಂದೆಯೊಡನೆ ಸಣ್ಣ ದೋಣಿಯಲ್ಲಿ ಹುಟ್ಟು ಹಾಕಿ ಹೋಗಿ ಬದುಕುಳಿದವರನ್ನು ಕರೆತಂದಳು. ಈ ಘಟನೆಗೆ ದಾಖಲೆಯಿದೆ. ಹೇಳುವವರು ಸ್ವಾರಸ್ಯಕ್ಕಾಗಿ ಸೇರಿಸಿದ ಕಥೆಗಳೂ ಇವೆ: 1900ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಫ್ಲಾನನ್ ದ್ವೀಪದ ಮೂವರು ದೀಪಪಾಲಕರು ಕಾಣೆಯಾದದ್ದು ನಿಜ, ಆದರೆ ಅವರು ಅಳುತ್ತಿದ್ದರೆಂದು ಹೇಳುವ ದಿನಚರಿಯ ಸಾಲುಗಳು ಆಮೇಲೆ ಹುಟ್ಟಿಕೊಂಡ ಕಲ್ಪನೆ. ಮಾರ್ಗದರ್ಶಕರು ಕಥೆ ಹೇಳಿದಾಗ ಅದು ಎಲ್ಲಿ ದಾಖಲಾಗಿದೆ ಎಂದು ಗೌರವದಿಂದ ಕೇಳುವುದರಲ್ಲಿ ತಪ್ಪಿಲ್ಲ.

ಮನುಷ್ಯರಿಲ್ಲದೆ ದೀಪ ಉರಿಯುವಂತಾದದ್ದರ ಹಿಂದೆ ಸ್ವೀಡನ್ನಿನ ಗುಸ್ತಾಫ್ ದಲೆನ್ ಇದ್ದಾನೆ. ಹಗಲಾದಾಗ ಅನಿಲ ದೀಪವನ್ನು ತಾನಾಗಿ ಆರಿಸಿ ಇರುಳಾದಾಗ ಹೊತ್ತಿಸುವ ಅವನ ಸಾಧನಕ್ಕೆ 1912ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಬ್ರಿಟನ್ನಿನ ಕೊನೆಯ ದೀಪಪಾಲಕರು 1998ರಲ್ಲಿ ನಾರ್ತ್ ಫೋರ್‌ಲ್ಯಾಂಡ್‌ನಿಂದ ಹೊರಟರು.

10. ಇರುಳಿನ ಭೇಟಿ

ಗೋಪುರದ ಬುಡದಲ್ಲಿ ನಿಂತರೆ ಬೆಳಕು ತಲೆಯ ಮೇಲೆಯೇ ಹಾದುಹೋಗುತ್ತದೆ. ಕೆಲವು ಕಿಲೋಮೀಟರ್ ದೂರದ, ಬೀದಿದೀಪಗಳಿಲ್ಲದ, ಅಂಚಿನಿಂದ ದೂರವಿರುವ ಸುರಕ್ಷಿತ ಜಾಗವೊಂದನ್ನು ಹಗಲಿನಲ್ಲಿಯೇ ಗೊತ್ತುಮಾಡಿಕೊಳ್ಳಿ. ಮುಸ್ಸಂಜೆಗೆ ಅಲ್ಲಿರಿ. ಕಣ್ಣು ಕತ್ತಲೆಗೆ ಹೊಂದಲು 20 ನಿಮಿಷವಾದರೂ ಬೇಕು. ಆ ಹೊತ್ತಿನಲ್ಲಿ ಮೊಬೈಲಿನ ಪರದೆಯನ್ನು ನೋಡಬೇಡಿ.

ಈಗ ಲಯವನ್ನು ಅಳೆಯಿರಿ. ಗುಂಪಿನ ಮೊದಲ ಮಿನುಗಿನಿಂದ ಮುಂದಿನ ಗುಂಪಿನ ಮೊದಲ ಮಿನುಗಿನವರೆಗೆ ಒಂದು ಆವರ್ತ. ಒಂದನ್ನೇ ಅಳೆದರೆ ಬೆರಳಿನ ತಡವು ಲೆಕ್ಕಕ್ಕೆ ಸೇರುತ್ತದೆ. ಹತ್ತು ಆವರ್ತಗಳನ್ನು ಒಟ್ಟಿಗೆ ಅಳೆದು ಹತ್ತರಿಂದ ಭಾಗಿಸಿ. ಹಗಲಿನಲ್ಲಿ ಎಣಿಸಿದ ಫಲಕಗಳಿಗೂ ದೀಪಪಟ್ಟಿಯ ಅಂಕಿಗೂ ಅದು ಹೊಂದಿದಾಗ ಆಗುವ ಸಂತೋಷ ಚಿಕ್ಕದಲ್ಲ. ಹೊಂದದಿದ್ದರೆ ಹಳೆಯ ಮಸೂರವನ್ನು ಬಿಟ್ಟು ಹೊರಗಿನ ಬಾಲ್ಕನಿಯಲ್ಲಿ ಎಲ್‌ಇಡಿ ದೀಪವನ್ನು ಕೂರಿಸಿದ್ದಾರೆಯೇ ಎಂದು ವಿಚಾರಿಸಿ. ಅಮೆರಿಕದ ಮಸಾಚುಸೆಟ್ಸ್ ತೀರದ ಮೈನಟ್ಸ್ ಲೆಡ್ಜ್ ದೀಪ 1894ರಿಂದ ಒಂದು, ನಾಲ್ಕು, ಮೂರು ಎಂದು ಮಿನುಗುತ್ತದೆ. "ಐ ಲವ್ ಯೂ" ಎಂಬ ಮೂರು ಪದಗಳ ಅಕ್ಷರಸಂಖ್ಯೆಯೂ ಇಷ್ಟೇ ಆದ್ದರಿಂದ ತೀರದ ಜನ ಅದನ್ನು ಪ್ರೇಮಿಗಳ ದೀಪ ಎನ್ನುತ್ತಾರೆ.

ದೂರದ ಲೆಕ್ಕವನ್ನೂ ಮಾಡಿನೋಡಬಹುದು. ದೀಪದ ಎತ್ತರ ಮತ್ತು ನೋಡುವವನ ಕಣ್ಣಿನ ಎತ್ತರ, ಎರಡನ್ನೂ ಮೀಟರಿನಲ್ಲಿ ತೆಗೆದುಕೊಂಡು ಅವುಗಳ ವರ್ಗಮೂಲಗಳನ್ನು ಕೂಡಿಸಿ 2.08ರಿಂದ ಗುಣಿಸಿದರೆ, ಭೂಮಿಯ ಬಾಗು ಅಡ್ಡಬರುವ ಮೊದಲು ದೀಪ ಎಷ್ಟು ನಾಟಿಕಲ್ ಮೈಲಿ ದೂರಕ್ಕೆ ಕಾಣುತ್ತದೆ ಎಂಬುದು ಸಿಗುತ್ತದೆ. ದೀಪ 36 ಮೀಟರ್, ಹಡಗಿನ ಅಟ್ಟದ ಮೇಲಿನ ಕಣ್ಣು 4 ಮೀಟರ್ ಎತ್ತರದಲ್ಲಿದ್ದರೆ ಆರು ಮತ್ತು ಎರಡು ಸೇರಿ ಎಂಟು. ದೂರ ಸುಮಾರು 16.6 ನಾಟಿಕಲ್ ಮೈಲಿ, ಅಂದರೆ 30 ಕಿಲೋಮೀಟರಿಗಿಂತ ತುಸು ಹೆಚ್ಚು. ಪಟ್ಟಿ 18 ಮೈಲಿ ಎಂದರೂ ಆ ನಾವಿಕನಿಗೆ 16.6 ಮೈಲಿಯಲ್ಲಿಯೇ ದೀಪ ದಿಗಂತದ ಕೆಳಗೆ ಇಳಿಯುತ್ತದೆ. ಅದರಾಚೆ ಮೋಡದಲ್ಲಿ ಬೆಳಕಿನ ಛಾಯೆ ಮಾತ್ರ ಉಳಿಯುತ್ತದೆ. ನೆರೆಯ ದೀಪಸ್ತಂಭ ದಿಗಂತದ ಅಂಚಿನಲ್ಲಿಯೇ ಕಾಣುವ ಮರಳುತೀರವೇನಾದರೂ ಸಿಕ್ಕರೆ ಅಲ್ಲಿ ಎದ್ದು ನಿಂತು ನೋಡಿ, ಅನಂತರ ಕುಳಿತು ನೋಡಿ. ನಿಂತಾಗ ಮಿನುಗುವ ದೀಪ ಕುಳಿತಾಗ ಕಡಲಿನೊಳಗೆ ಇಳಿದುಬಿಡುತ್ತದೆ, ಮತ್ತೆ ಎದ್ದರೆ ಮೇಲೆ ಬರುತ್ತದೆ. ಹಳೆಯ ನಾವಿಕರು ಅಟ್ಟದ ಮೇಲೆ ಹೀಗೆಯೇ ಎದ್ದು ಬಗ್ಗಿ ತಾವಿರುವ ದೂರವನ್ನು ಅಂದಾಜು ಮಾಡುತ್ತಿದ್ದರು.

ಚಿತ್ರ ತೆಗೆಯುವವರು ಟ್ರೈಪಾಡ್ ಬಳಸಿ, ಅಳೆದ ಆವರ್ತದಷ್ಟು ಹೊತ್ತು ಕ್ಯಾಮೆರಾದ ಕಣ್ಣನ್ನು ತೆರೆದಿಡಬೇಕು. ಆಗ ಲಯದ ಎಲ್ಲ ಮಿನುಗುಗಳೂ ಒಂದೇ ಚಿತ್ರದಲ್ಲಿ ಬೀಳುತ್ತವೆ. ಪೂರ್ತಿ ಕತ್ತಲಾಗುವ ಮೊದಲು, ಆಕಾಶ ಕಡುನೀಲಿಯಾಗಿರುವ ಕಾಲು ಗಂಟೆ ಇದಕ್ಕೆ ತಕ್ಕ ಸಮಯ. ಫ್ಲ್ಯಾಷ್ ಬೇಡ. ದೀಪದತ್ತ ಟಾರ್ಚ್ ಅಥವಾ ಲೇಸರ್ ಬಿಡುವುದಂತೂ ಕೂಡದು, ಏಕೆಂದರೆ ಆಚೆಯಲ್ಲಿ ಯಾರೋ ಆ ಬೆಳಕನ್ನು ಎಣಿಸುತ್ತಿರಬಹುದು.

ಜಾಗ ಬಿಡುವ ಮುನ್ನ ಟಿಪ್ಪಣಿ ಪುಸ್ತಕದ ಒಂದು ಪುಟಕ್ಕೆ ಇಷ್ಟನ್ನು ಇಳಿಸಿ: ತಾಣ, ದಿನಾಂಕ, ನೀವು ನಿಂತ ಜಾಗ, ಆಕಾಶದ ಸ್ಥಿತಿ, ಬಣ್ಣ, ಮಿನುಗಿನ ಗುಂಪು, ನೀವೇ ಅಳೆದ ಆವರ್ತ. ಅದರ ಕೆಳಗೆ ಮಿನುಗನ್ನು ಗೆರೆಯಾಗಿ, ಕತ್ತಲೆಯನ್ನು ಖಾಲಿಯಾಗಿ ಒಂದು ಸಾಲಿನಲ್ಲಿ ಬರೆದು, ಮುಂದಿನ ಸಾಲನ್ನು ಅದೇ ತೀರದ ಮುಂದಿನ ದೀಪಕ್ಕೆ ಬಿಟ್ಟಿರಿ.